ನೋಡಬೇಡಿ ಎನ್ನುವುದು ಸುಲಭ

ಸಂಜೆಯ ಹೊತ್ತು ಮನೆಭೇಟಿಗೆ ಹೋಗುವ ಗುರುಗಳೆಲ್ಲರಿಗೂ ಪರಿಚಿತವಾದ ಒಂದು ದೃಶ್ಯವಿದೆ. ಬಾಗಿಲಲ್ಲಿ ನಮ್ಮನ್ನು ಕಂಡೊಡನೆ ಮನೆಯವರು ಲಗುಬಗೆಯಿಂದ ಎದ್ದು ಟಿ.ವಿ.ಯ ಧ್ವನಿಯನ್ನು ಅಡಗಿಸುತ್ತಾರೆ. ಚಿತ್ರವನ್ನು ಮಾತ್ರ ಆರಿಸುವುದಿಲ್ಲ. ನಾವು ಕಣ್ಣುಮುಚ್ಚಿ ಆ ಕುಟುಂಬದ ಶಾಂತಿಗಾಗಿ ಪ್ರಾರ್ಥಿಸುತ್ತಿರುವಾಗ ನಮ್ಮ ಬೆನ್ನ ಹಿಂದೆ ಯಾರೋ ಒಬ್ಬ ಅತ್ತೆ ಸದ್ದಿಲ್ಲದೆ ಸೊಸೆಯ ಕೆನ್ನೆಗೆ ಹೊಡೆಯುತ್ತಿರುತ್ತಾಳೆ. ನಾವು ‘ಆಮೆನ್’ ಎನ್ನುವಷ್ಟರಲ್ಲಿ ಮನೆಯ ಮಗುವಿನ ಒಂದು ಕಣ್ಣು ಅತ್ತ ಹೊರಳಿರುತ್ತದೆ. ಆ ಮಗುವನ್ನು ಗದರಿಸುವ ಅಧಿಕಾರ ನನಗಿಲ್ಲ. ಗುರುನಿವಾಸದಲ್ಲಿಯೂ ರಾತ್ರಿಯೂಟದ ವೇಳೆಗೆ ಅದೇ ಪೆಟ್ಟಿಗೆ ಬೆಳಗುತ್ತಿರುತ್ತದೆ.

ಈ ಲೇಖನ ಆ ಪೆಟ್ಟಿಗೆಯ ವಿರುದ್ಧವಾದುದಲ್ಲ. ಪೆಟ್ಟಿಗೆಯ ಕುರಿತು ಇಷ್ಟು ವರ್ಷಗಳ ಕಾಲ ‘ಬೇಡ’ ಎಂಬ ಒಂದೇ ಮಾತನ್ನು ಆಡುತ್ತಾ ಬಂದಿರುವ ನಮ್ಮ ವಿರುದ್ಧವಾದುದು. ಮೊದಲಿಗೆ ನನ್ನ ವಿರುದ್ಧವಾದುದು.

2006ರ ಮೇ ತಿಂಗಳನ್ನು ಹಿರಿಯ ಓದುಗರು ಮರೆತಿರಲಾರರು. ‘ದ ಡಾ ವಿಂಚಿ ಕೋಡ್’ ಎಂಬ ಇಂಗ್ಲಿಷ್ ಚಲನಚಿತ್ರ ಆಗ ಬಿಡುಗಡೆಯಾಯಿತು. ನಮ್ಮ ದೇಶದ ಸೆನ್ಸಾರ್ ಮಂಡಳಿ ಅದಕ್ಕೆ ವಯಸ್ಕರಿಗೆ ಮಾತ್ರ ಎಂಬ ಪ್ರಮಾಣಪತ್ರ ನೀಡಿ, ಇದು ಕಲ್ಪಿತ ಕಥೆಯೆಂಬ ಪ್ರಕಟಣೆಯನ್ನೂ ಸೇರಿಸಿತ್ತು. ಕೆಲವು ರಾಜ್ಯ ಸರ್ಕಾರಗಳು ಪ್ರದರ್ಶನವನ್ನೇ ನಿಷೇಧಿಸಿದವು. ಗುರುದೀಕ್ಷೆ ಪಡೆದು ಹೆಚ್ಚು ವರ್ಷಗಳಾಗಿರದ ನಾನು ಭಾನುವಾರದ ಪ್ರಬೋಧನೆಯಲ್ಲಿ ಆ ಚಿತ್ರವನ್ನು ಬಲವಾಗಿ ಖಂಡಿಸಿದೆ. ಪೂಜೆಯ ನಂತರ ಸಹಿ ಸಂಗ್ರಹಕ್ಕೂ ನಿಂತೆ. ಸಾಲಿನ ಕೊನೆಯಲ್ಲಿದ್ದ ಒಬ್ಬ ಯುವಕ ಸಹಿ ಹಾಕುವ ಮುನ್ನ ನನ್ನನ್ನು ಕೇಳಿದ: “ಸ್ವಾಮಿ, ತಾವು ಅದನ್ನು ನೋಡಿದ್ದೀರಾ?” ಇಲ್ಲವೆಂದೆ. ಆತ ಸಹಿ ಹಾಕಿದ. ಲೇಖನಿಯನ್ನು ಹಿಂತಿರುಗಿಸುತ್ತಾ ಮತ್ತೆ ಕೇಳಿದ: “ಹಾಗಾದರೆ ನಾವು ನೋಡಬೇಕಾದದ್ದು ಯಾವುದು?”

ಆ ಪ್ರಶ್ನೆಯಲ್ಲಿ ಉದ್ಧಟತನವಿರಲಿಲ್ಲ. ನನ್ನ ಬಳಿ ಉತ್ತರವೂ ಇರಲಿಲ್ಲ. ಯಾವುದೋ ಮಾತು ಹೇಳಿ ಜಾರಿಕೊಂಡೆ. ಖಂಡನೆಗೆ ಹತ್ತು ನಿಮಿಷ ಮಾತನಾಡಿದ ನಾಲಿಗೆಗೆ ಶಿಫಾರಸು ಮಾಡಲು ಒಂದು ಚಿತ್ರದ ಹೆಸರೂ ಹೊಳೆಯಲಿಲ್ಲ.

ಹೊಳೆಯದಿದ್ದುದಕ್ಕೆ ಅಜ್ಞಾನ ಕಾರಣವಾಗಿದ್ದರೆ ಕ್ಷಮಿಸಬಹುದಿತ್ತು. ನಾನು ಒಳ್ಳೆಯ ಚಿತ್ರಗಳನ್ನು ನೋಡಿದ್ದೆ. ಗುರುಮಠದಲ್ಲಿದ್ದಾಗ ವೃದ್ಧ ಪ್ರಾಧ್ಯಾಪಕರೊಬ್ಬರು ಒಂದು ಹಳೆಯ ವೀಡಿಯೋ ಕ್ಯಾಸೆಟ್ಟಿನಲ್ಲಿ ನಮಗೆ ‘ಬೈಸಿಕಲ್ ಥೀವ್ಸ್’ ತೋರಿಸಿದ್ದರು. ವಿತ್ತೋರಿಯೋ ಡಿ ಸಿಕಾ ಎಂಬ ಇಟಲಿಯ ನಿರ್ದೇಶಕ 1948ರಲ್ಲಿ ಮಾಡಿದ ಕಪ್ಪು ಬಿಳುಪಿನ ಚಿತ್ರ. ಮಹಾಯುದ್ಧ ಮುಗಿದ ರೋಮ್ ನಗರ, ಎಲ್ಲೆಲ್ಲೂ ನಿರುದ್ಯೋಗ. ಆಂತೋನಿಯೋ ಎಂಬಾತನಿಗೆ ಗೋಡೆಗಳಿಗೆ ಭಿತ್ತಿಪತ್ರ ಅಂಟಿಸುವ ಕೆಲಸ ಸಿಗುತ್ತದೆ. ಆದರೆ ಸೈಕಲ್ ಇರಲೇಬೇಕೆಂಬ ಷರತ್ತು. ಅಡವಿಟ್ಟ ಸೈಕಲ್ಲನ್ನು ಬಿಡಿಸಲು ಹೆಂಡತಿ ಮನೆಯ ಹಾಸಿಗೆಯ ಹೊದಿಕೆಗಳನ್ನು ಅಡವಿಡುತ್ತಾಳೆ. ಕೆಲಸದ ಮೊದಲ ದಿನವೇ ಸೈಕಲ್ ಕಳುವಾಗುತ್ತದೆ. ತಂದೆಯೂ ಪುಟ್ಟ ಮಗ ಬ್ರೂನೋನೂ ನಗರವೆಲ್ಲ ಅಲೆಯುತ್ತಾರೆ. ಕೊನೆಗೆ ಹತಾಶನಾದ ತಂದೆ ತಾನೇ ಒಂದು ಸೈಕಲ್ ಕದ್ದು, ಮಗನ ಕಣ್ಣೆದುರಿಗೇ ಸಿಕ್ಕಿಬೀಳುತ್ತಾನೆ. ಸೈಕಲ್ಲಿನ ಒಡೆಯ ಅಳುತ್ತಿರುವ ಬಾಲಕನ ಮುಖ ನೋಡಿ, ದೂರು ಕೊಡದೆ ಬಿಟ್ಟುಬಿಡುತ್ತಾನೆ. ಬ್ರೂನೋ ತಂದೆಯ ಕೈ ಹಿಡಿಯುತ್ತಾನೆ. ಅಷ್ಟೇ ಕಥೆ. ತಂದೆಯ ಪಾತ್ರ ವಹಿಸಿದವರು ನಟರಲ್ಲ, ಒಬ್ಬ ಕಾರ್ಖಾನೆಯ ಕಾರ್ಮಿಕ.

ದೀಪ ಹಾಕಿದ ಮೇಲೆ ಪ್ರಾಧ್ಯಾಪಕರು ಉಪನ್ಯಾಸ ನೀಡಲಿಲ್ಲ. ಒಂದೇ ಪ್ರಶ್ನೆ ಕೇಳಿದರು: “ಶೀರ್ಷಿಕೆ ಬಹುವಚನದಲ್ಲಿದೆ. ಕಳ್ಳರು ಯಾರು ಯಾರು?” ನಾವು ರಾತ್ರಿ ಹನ್ನೊಂದರವರೆಗೆ ವಾದಿಸಿದೆವು. ನೀತಿಶಾಸ್ತ್ರದ ಪಠ್ಯದಲ್ಲಿ ಕಳ್ಳತನದ ಅಧ್ಯಾಯವನ್ನು ನಾನು ಎಂದೋ ಮರೆತಿದ್ದೇನೆ. ಆ ರಾತ್ರಿಯ ವಾದವನ್ನು ಮರೆತಿಲ್ಲ.

ಇದೇ ಚಿತ್ರಕ್ಕೆ ಅಮೆರಿಕದಲ್ಲಿ ಏನಾಯಿತೆಂಬುದನ್ನು ನಾವು ತಿಳಿದಿರಬೇಕು, ಏಕೆಂದರೆ ಅದು ನಮ್ಮವರ ಕಥೆಯೂ ಹೌದು. ಅಲ್ಲಿನ ಚಿತ್ರೋದ್ಯಮ 1930ರಲ್ಲಿ ಒಪ್ಪಿಕೊಂಡ ನೀತಿಸಂಹಿತೆಯ ಕರಡನ್ನು ಬರೆದವರಲ್ಲಿ ಯೇಸುಸಭೆಯ ಗುರು ಡೇನಿಯಲ್ ಲಾರ್ಡ್ ಒಬ್ಬರು. ಅದನ್ನು ಜಾರಿಗೊಳಿಸುವ ಕಚೇರಿಯನ್ನು ಬಹುಕಾಲ ನಡೆಸಿದ ಜೋಸೆಫ್ ಬ್ರೀನ್ ಶ್ರದ್ಧಾವಂತ ಕಥೋಲಿಕರು. 1950ರಲ್ಲಿ ‘ಬೈಸಿಕಲ್ ಥೀವ್ಸ್’ ಆ ಕಚೇರಿಯ ಮುಂದೆ ಬಂದಾಗ, ಎರಡು ದೃಶ್ಯಗಳನ್ನು ಕತ್ತರಿಸದ ಹೊರತು ಒಪ್ಪಿಗೆಯ ಮುದ್ರೆ ಇಲ್ಲವೆಂದರು. ಒಂದು, ಬಾಲಕ ಗೋಡೆಯ ಬದಿಯಲ್ಲಿ ಮೂತ್ರ ಮಾಡಲು ನಿಲ್ಲುವ ದೃಶ್ಯ. ಇನ್ನೊಂದು, ಕಳ್ಳನನ್ನು ಬೆನ್ನಟ್ಟಿದ ಆಂತೋನಿಯೋ ಒಂದು ವೇಶ್ಯಾಗೃಹದೊಳಕ್ಕೆ ನುಗ್ಗುವ ದೃಶ್ಯ. ಅಲ್ಲಿ ಅಶ್ಲೀಲವಾದುದು ಏನೂ ನಡೆಯುವುದಿಲ್ಲ. ವಿತರಕರು ಕತ್ತರಿ ಹಾಕಲು ಒಪ್ಪಲಿಲ್ಲ, ಮುದ್ರೆ ದೊರೆಯಲಿಲ್ಲ. ಒಬ್ಬ ಬಡವನ ಇಡೀ ಯಾತನೆ ಕಣ್ಣಮುಂದೆ ಹಾದುಹೋದರೂ ಆ ಕಚೇರಿಗೆ ಕಂಡದ್ದು ಗೋಡೆಯ ಬದಿಯ ಬಾಲಕ ಮಾತ್ರ. ದುರುದ್ದೇಶದಿಂದಲ್ಲ, ತಪ್ಪನ್ನು ಹುಡುಕಲೆಂದೇ ಪಳಗಿದ ಕಣ್ಣಿಗೆ ಬೇರೇನೂ ಕಾಣದು.

45 ವರ್ಷಗಳ ನಂತರ, 1995ರಲ್ಲಿ, ಚಲನಚಿತ್ರಕ್ಕೆ ನೂರು ವರ್ಷ ತುಂಬಿದ ಸಂದರ್ಭದಲ್ಲಿ, ವ್ಯಾಟಿಕನ್ನಿನ ಅಂದಿನ ಸಾಮಾಜಿಕ ಸಂಪರ್ಕ ಪರಿಷತ್ತು 45 ಮಹತ್ವದ ಚಿತ್ರಗಳ ಒಂದು ಪಟ್ಟಿಯನ್ನು ಹೊರತಂದಿತು. ಧರ್ಮ, ಮೌಲ್ಯ, ಕಲೆ ಎಂಬ ಮೂರು ವಿಭಾಗ. ಒಂದೊಂದರಲ್ಲಿ 15 ಚಿತ್ರ. ಮೌಲ್ಯಗಳ ವಿಭಾಗದಲ್ಲಿ ‘ಬೈಸಿಕಲ್ ಥೀವ್ಸ್’ ಇದೆ. ಕತ್ತರಿಯಿಲ್ಲದೆ ಇದೆ. ಆ ಚಿತ್ರದಲ್ಲಿ ಬರುವ ದೇವಾಲಯದ ದೃಶ್ಯವಾದರೂ ನಮಗೆ ಹಿತವಾದುದಲ್ಲ: ಬಡವರಿಗೆ ಸೂಪು ಹಂಚುವ ಸಜ್ಜನರಿಗೆ ಎದುರಿಗೆ ಒದ್ದಾಡುತ್ತಿರುವ ಮನುಷ್ಯನಿಗಿಂತ ಪೂಜೆಯ ಶಿಸ್ತೇ ಮುಖ್ಯವಾಗುತ್ತದೆ. ರೋಮಿನವರು ತಮ್ಮ ಊರಿನ ಈ ಟೀಕೆಯನ್ನು ಸಹಿಸಿಕೊಂಡು ಚಿತ್ರವನ್ನು ಮೆಚ್ಚಿದರು. ನಮ್ಮ ಧರ್ಮಕೇಂದ್ರಗಳಲ್ಲಿ ಆ ದೃಶ್ಯ ತೋರಿಸಿದರೆ ಎಷ್ಟು ದೂರುಪತ್ರಗಳು ಬಂದಾವು?

ನನ್ನ ವಾದವಿಷ್ಟೇ. ನಾವು ಚಿತ್ರಗಳನ್ನು ಅಳೆಯುವ ಕೋಲು ತಪ್ಪಾಗಿದೆ. ‘ಇದರಲ್ಲಿ ಕೆಟ್ಟದ್ದೇನಾದರೂ ಇದೆಯೇ? ನಮ್ಮನ್ನು ಅವಮಾನಿಸಿದೆಯೇ?’ ಎಂಬ ಎರಡೇ ಪ್ರಶ್ನೆಗಳನ್ನು ನಾವು ಕೇಳುತ್ತೇವೆ. ಈ ಎರಡರಲ್ಲಿಯೂ ತೇರ್ಗಡೆಯಾಗಿ ನಮ್ಮ ಮನೆಗಳಿಗೆ ರಾಜಮರ್ಯಾದೆಯಿಂದ ಬರುವವು ಯಾವುವು? ಸಂಜೆಯ ಧಾರಾವಾಹಿಗಳು. ಅವುಗಳಲ್ಲಿ ಚುಂಬನವಿಲ್ಲ, ಬೈಗುಳವಿಲ್ಲ, ಯಾವ ಧರ್ಮಕ್ಕೂ ಅಪಚಾರವಿಲ್ಲ. ಮೈತುಂಬ ಸೀರೆಯಿದೆ, ದೇವರ ಮುಂದೆ ದೀಪವಿದೆ. ಹೀಗೆ ಎಲ್ಲ ರೀತಿಯಿಂದಲೂ ಶುದ್ಧವಾದ ಆ ಅರ್ಧ ಗಂಟೆಯಲ್ಲಿ ನಾದಿನಿಯ ಹಾಲಿಗೆ ವಿಷ ಬೀಳುತ್ತದೆ, ಕದ್ದು ಕೇಳಿದ ಮಾತು ಅಸ್ತ್ರವಾಗುತ್ತದೆ, ಬಡ ಮನೆಯ ಹುಡುಗಿ ತನ್ನ ಬಡತನಕ್ಕಾಗಿಯೇ ಹೀಯಾಳಿಕೆಗೆ ಗುರಿಯಾಗುತ್ತಾಳೆ. ಎಲ್ಲ ಧಾರಾವಾಹಿಗಳೂ ಹೀಗೆಂದು ನಾನು ಹೇಳುವುದಿಲ್ಲ. ಆದರೆ ವರ್ಷಗಟ್ಟಲೆ ಎಳೆಯಬೇಕಾದ ಕಥೆಗೆ ಹಗೆಗಿಂತ ಅಗ್ಗದ ಇಂಧನ ಮತ್ತೊಂದಿಲ್ಲ. ಪರದೆಯ ಮೇಲೆ ಯಾರಾದರೂ ಸಿಗರೇಟು ಹಚ್ಚಿದರೆ ಕೆಳಗೆ ಎಚ್ಚರಿಕೆಯ ಸಾಲು ಮೂಡುತ್ತದೆ. ಅಸೂಯೆ ಹಚ್ಚಿದ ದೃಶ್ಯದ ಕೆಳಗೆ ಅಂತಹ ಸಾಲು ಮೂಡುವುದಿಲ್ಲ. ಆ ಸಾಲನ್ನು ಬರೆಯಬೇಕಾದವರು ತಂದೆ ತಾಯಿಗಳು. ಅವರೂ ನಾಳೆ ಏನಾಗುವುದೋ ಎಂಬ ಕುತೂಹಲದಲ್ಲಿದ್ದಾರೆ.

ಇನ್ನು ಧಾರ್ಮಿಕ ಚಿತ್ರಗಳು. ತಪಸ್ಸು ಕಾಲ ಬಂತೆಂದರೆ ಯೇಸುಸ್ವಾಮಿಯ ಕುರಿತಾದ ಒಂದು ಚಿತ್ರವನ್ನು ಸಭಾಂಗಣದಲ್ಲಿ ತೋರಿಸಿ ನಮ್ಮ ಕರ್ತವ್ಯ ಮುಗಿಯಿತೆನ್ನುತ್ತೇವೆ. ಶಿಲುಬೆಯೊಂದು ಕಂಡರೆ ಸಾಕು, ಅದು ಒಳ್ಳೆಯ ಚಿತ್ರ! ಪಿಯೆರ್ ಪಾಓಲೋ ಪಸೋಲಿನಿಯ ಉದಾಹರಣೆ ನಮ್ಮ ಕಣ್ಣು ತೆರೆಸಬೇಕು. ಅವರು ನಾಸ್ತಿಕರೆಂದು ತಾವೇ ಹೇಳಿಕೊಂಡವರು, ಮಾರ್ಕ್ಸ್‌ವಾದಿ. ಒಂದು ಕಿರುಚಿತ್ರದಲ್ಲಿ ಧರ್ಮವನ್ನು ಅವಹೇಳನ ಮಾಡಿದರೆಂದು 1963ರಲ್ಲಿ ಇಟಲಿಯ ನ್ಯಾಯಾಲಯದಿಂದ ಶಿಕ್ಷೆಗೆ ಗುರಿಯಾದವರು. ಮರುವರ್ಷವೇ ಅವರು ಸಂತ ಮತ್ತಾಯರ ಶುಭಸಂದೇಶವನ್ನು ಚಿತ್ರವಾಗಿಸಿದರು. ಸಂಭಾಷಣೆಗೆ ಶುಭಸಂದೇಶದ ಮಾತುಗಳನ್ನೇ ಬಳಸಿದರು. ಯೇಸುವಿನ ಪಾತ್ರಕ್ಕೆ ಒಬ್ಬ ಸ್ಪೇನಿನ ವಿದ್ಯಾರ್ಥಿ. ಶಿಲುಬೆಯ ಕೆಳಗಿನ ಮುಪ್ಪಿನ ಮರಿಯಳ ಪಾತ್ರಕ್ಕೆ ಪಸೋಲಿನಿಯವರ ಸ್ವಂತ ತಾಯಿ. ಚಿತ್ರವನ್ನು ಜಗದ್ಗುರು 23ನೇ ಯೊವಾನ್ನರ ಸ್ಮರಣೆಗೆ ಅರ್ಪಿಸಿದರು. ವೆನಿಸ್ ಚಿತ್ರೋತ್ಸವದಲ್ಲಿ ಅಂತರರಾಷ್ಟ್ರೀಯ ಕಥೋಲಿಕ ಚಲನಚಿತ್ರ ಸಂಸ್ಥೆಯೇ ಅದಕ್ಕೆ ಪ್ರಶಸ್ತಿ ನೀಡಿತು. 1995ರ ಪಟ್ಟಿಯಲ್ಲೂ ಅದಿದೆ. 1963ರಲ್ಲಿ ಆ ಮನುಷ್ಯನ ವಿರುದ್ಧ ಸಹಿ ಸಂಗ್ರಹ ನಡೆದಿದ್ದರೆ ನಾನು ಮೊದಲ ಸಾಲಿನಲ್ಲಿ ನಿಲ್ಲುತ್ತಿದ್ದೆ.

ಕಿರುತೆರೆಗೇ ಮಾಡಿದ ಒಂದು ಕೃತಿಯೂ ಆ ಪಟ್ಟಿಯಲ್ಲಿದೆ ಎಂಬುದನ್ನು ಟಿ.ವಿ.ಯನ್ನು ಸಾರಾಸಗಟಾಗಿ ಹಳಿಯುವವರು ಗಮನಿಸಬೇಕು. ಪೋಲೆಂಡಿನ ಕ್ರಿಸ್ತೋಫ್ ಕೀಸ್ಲೋವ್‌ಸ್ಕಿ 1988ರ ಸುಮಾರಿಗೆ ಮಾಡಿದ ‘ಡೆಕಲಾಗ್’, ದಶಾಜ್ಞೆಗಳನ್ನು ಆಧರಿಸಿದ ಹತ್ತು ಕಂತುಗಳ ಸರಣಿ. ಒಂದೊಂದು ಕಂತೂ ಸುಮಾರು ಒಂದು ಗಂಟೆಯದು. ಮೋಶೆಯೂ ಇಲ್ಲ, ಸೀನಾಯಿ ಬೆಟ್ಟವೂ ಇಲ್ಲ. ವಾರ್ಸಾ ನಗರದ ಒಂದು ವಸತಿ ಸಮುಚ್ಚಯದ ನಿವಾಸಿಗಳಷ್ಟೇ. ಮೊದಲ ಕಂತಿನಲ್ಲಿ ಕೊಳದ ಮೇಲಿನ ಹಿಮ ಮಗನ ಭಾರವನ್ನು ತಡೆಯುವುದೆಂದು ತಂದೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾನೆ. ಲೆಕ್ಕದಲ್ಲಿ ತಪ್ಪು ಕಾಣದು, ಹಿಮ ಒಡೆಯುತ್ತದೆ. ಬೇರೆ ದೇವರುಗಳು ನಿನಗಿರಬಾರದೆಂಬ ಆಜ್ಞೆಯ ಕುರಿತು ನಾನು ನೀಡಿದ ಯಾವ ಪ್ರಬೋಧನೆಯೂ ಆ ತಂದೆಯ ಮೌನದ ಹತ್ತಿರಕ್ಕೆ ಬರಲಾರದು.

ಈ 45ರ ಪಟ್ಟಿಯನ್ನು ವೇದವಾಕ್ಯವೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ಆಟೆನ್‌ಬರೊ ಅವರ ‘ಗಾಂಧಿ’ ಇದೆಯೇ ಹೊರತು ಭಾರತೀಯ ನಿರ್ದೇಶಕರ ಒಂದು ಚಿತ್ರವೂ ಇಲ್ಲ. ‘ಬೈಸಿಕಲ್ ಥೀವ್ಸ್’ ನೋಡಿ ತಾವೂ ಹೀಗೆಯೇ ಚಿತ್ರ ಮಾಡಬೇಕೆಂದು ನಿರ್ಧರಿಸಿದ ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’ಯೂ ಇಲ್ಲ. ಹಾಗಾದರೆ ಉಳಿದ ಪಟ್ಟಿಯನ್ನು ನಾವೇ ಬರೆಯಬೇಕು. ನನ್ನ ಕೆಲವು ಹೆಸರುಗಳನ್ನು ಇಡುತ್ತೇನೆ.

ಮಕ್ಕಳೊಡನೆ ಮೊದಲು ‘ಬೆಟ್ಟದ ಹೂವು’ ನೋಡಿ. ಎನ್. ಲಕ್ಷ್ಮೀನಾರಾಯಣರು 1985ರಲ್ಲಿ ಮಾಡಿದ ಚಿತ್ರ. ಬಾಲಕ ಪುನೀತ್‌ಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟದ್ದು. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಲು ಕಾಸಿಗೆ ಕಾಸು ಕೂಡಿಸಿದ ಬಡ ಹುಡುಗ ಕೊನೆಗೆ ಆ ಹಣದಲ್ಲಿ ಮನೆಯವರಿಗೆ ಚಳಿಗೆ ಹೊದೆಯಲು ಕಂಬಳಿ ಕೊಳ್ಳುತ್ತಾನೆ. ರೋಮಿನಲ್ಲಿ ಅಡವಿಟ್ಟ ಹೊದಿಕೆಯನ್ನೂ ಮಲೆನಾಡಿನಲ್ಲಿ ಕೊಂಡ ಕಂಬಳಿಯನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ತ್ಯಾಗವೆಂಬ ಪದಕ್ಕೆ ಬೇರೆ ವ್ಯಾಖ್ಯಾನ ಬೇಡ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಮರಳಿ ನೋಡಿ. ಯಾರನ್ನೂ ದ್ವೇಷಿಸದೆಯೂ ಕಥೆ ಹೇಳಬಹುದೆಂದು ಮಕ್ಕಳಿಗೆ ತಿಳಿಯಲಿ.

ದೊಡ್ಡವರು ಗಿರೀಶ್ ಕಾಸರವಳ್ಳಿಯವರ ಚಿತ್ರಗಳನ್ನು ನೋಡಲಿ. 1986ರ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದ ‘ತಬರನ ಕಥೆ’ಯಲ್ಲಿ ನಿವೃತ್ತ ನೌಕರನೊಬ್ಬ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಹಣ ಬರುವ ಮೊದಲೇ ಹೆಂಡತಿ ತೀರಿಕೊಳ್ಳುತ್ತಾಳೆ. ಕಡತದ ಮುಂದೆ ಕುಳಿತು ಜೀವನ ಸಾಗಿಸುವ ನಮ್ಮ ವಿಶ್ವಾಸಿಗಳಿಗೆ ಇದಕ್ಕಿಂತ ಉತ್ತಮವಾದ ಆತ್ಮಶೋಧನೆಯಿಲ್ಲ. ಧರ್ಮಕೇಂದ್ರದ ಕಚೇರಿಯಲ್ಲಿ ‘ನಾಳೆ ಬಾ’ ಎನ್ನುವ ನಮಗೂ ಅದು ಸಲ್ಲುತ್ತದೆ. ‘ಘಟಶ್ರಾದ್ಧ’ (1977) ಒಬ್ಬ ಎಳೆಯ ವಿಧವೆಯನ್ನು ಬದುಕಿರುವಾಗಲೇ ಸತ್ತವಳೆಂದು ಶ್ರಾದ್ಧ ಮಾಡಿ ಹೊರಗಟ್ಟುವ ಕಥೆ. ಇದು ಬೇರೆಯವರ ಆಚಾರದ ಕಥೆಯೆಂದು ನಿಟ್ಟುಸಿರುಬಿಟ್ಟು ಏಳಬೇಡಿ. ತಲೆತಗ್ಗಿಸಿ ಕೊನೆಯ ಬೆಂಚಿನಲ್ಲಿ ಕುಳಿತು, ಬಳಿಕ ದೇವಾಲಯಕ್ಕೆ ಬರುವುದನ್ನೇ ನಿಲ್ಲಿಸಿದ ಹೆಣ್ಣುಮಕ್ಕಳನ್ನು ನಾವು ಬಲ್ಲೆವು. ವೈದೇಹಿಯವರ ಕಥೆಯನ್ನು ಆಧರಿಸಿದ ‘ಗುಲಾಬಿ ಟಾಕೀಸ್’ (2008) ಕರಾವಳಿಯ ಬಡ ಮುಸ್ಲಿಂ ಸೂಲಗಿತ್ತಿಯ ಮನೆಗೆ ಟಿ.ವಿ. ಬಂದಾಗ ಏನಾಯಿತೆಂದು ಹೇಳುತ್ತದೆ. ಪರದೆಯ ಮುಂದೆ ಒಟ್ಟಿಗೆ ಕುಳಿತ ನೆರೆಹೊರೆಯವರು ಊರಿನಲ್ಲಿ ಒಬ್ಬರಿಂದೊಬ್ಬರು ಹೇಗೆ ದೂರವಾದರೆಂಬುದನ್ನು ಇಂದು ನೋಡುವುದು ಅಗತ್ಯ. ಉಮಾಶ್ರೀಯವರಿಗೆ ಅದಕ್ಕಾಗಿ ರಾಷ್ಟ್ರಪ್ರಶಸ್ತಿ ದೊರಕಿತು.

ಆಕ್ಷೇಪಗಳನ್ನು ಬಲ್ಲೆ. ‘ಮಕ್ಕಳು ಕೆಡುತ್ತಾರೆ’ ಎನ್ನುವಿರಿ. ಎಲ್ಲವನ್ನೂ ಎಲ್ಲರಿಗೂ ತೋರಿಸಿರೆಂದು ನಾನು ಹೇಳಲಿಲ್ಲ. ಪಟ್ಟಿಯಲ್ಲಿರುವ ‘ಷಿಂಡ್ಲರ್ಸ್ ಲಿಸ್ಟ್’ ಚಿಕ್ಕವರಿಗಲ್ಲ, ‘ಘಟಶ್ರಾದ್ಧ’ವೂ ಅಲ್ಲ. ಯಾವುದು ಯಾವ ವಯಸ್ಸಿಗೆ ಎಂದು ತೀರ್ಮಾನಿಸಬೇಕಾದರೆ ಹಿರಿಯರು ಮೊದಲು ನೋಡಿರಬೇಕು. ನಾವು ತಪ್ಪಿಸಿಕೊಳ್ಳುತ್ತಿರುವುದು ಆ ಶ್ರಮದಿಂದಲೇ. ‘ಇವು ನಿಧಾನ, ಯಾರು ಕುಳಿತು ನೋಡುತ್ತಾರೆ?’ ಎನ್ನುವಿರಿ. ವರ್ಷಗಟ್ಟಲೆ ನಡೆಯುವ ಧಾರಾವಾಹಿಯಲ್ಲಿ ಒಂದು ಮದುವೆ ಆಗಲು ಮೂರು ತಿಂಗಳು ಕಾಯುವ ತಾಳ್ಮೆ ನಮ್ಮಲ್ಲಿದೆ. ಒಂದೂವರೆ ಗಂಟೆಯ ಚಿತ್ರಕ್ಕೆ ಇಲ್ಲವೇ? ಭಾಷೆ ತಿಳಿಯದೆಂದರೆ ಚಾಪ್ಲಿನ್ನರ ‘ಮಾಡರ್ನ್ ಟೈಮ್ಸ್’ನಿಂದ ಆರಂಭಿಸಿ, ಅದೂ ಪಟ್ಟಿಯಲ್ಲಿದೆ, ಮಾತಿನ ಹಂಗು ಅದಕ್ಕಿಲ್ಲ.

‘ಗುರುಗಳಿಗೆ ಇದೆಲ್ಲ ಏಕೆ?’ ಎನ್ನುವವರಿಗೆ ಒಂದು ದಿನಾಂಕವನ್ನು ನೆನಪಿಸುತ್ತೇನೆ. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ತನ್ನ ಮೊದಲ ಎರಡು ದಾಖಲೆಗಳನ್ನು ಹೊರಡಿಸಿತು. ಒಂದು ದೈವಾರಾಧನೆಯ ಕುರಿತು. ಮತ್ತೊಂದು ಪತ್ರಿಕೆ, ಚಲನಚಿತ್ರ, ಬಾನುಲಿ, ದೂರದರ್ಶನಗಳ ಕುರಿತು. ಬಲಿಪೀಠ ಮತ್ತು ಪರದೆ ಒಂದೇ ದಿನ ಚರ್ಚೆಯಿಂದ ನಿರ್ಣಯಕ್ಕೆ ಬಂದವು. ಜಗದ್ಗುರು ಫ್ರಾನ್ಸಿಸ್‌ರವರು ಕುಟುಂಬವನ್ನು ಕುರಿತ ತಮ್ಮ 2016ರ ಪತ್ರದಲ್ಲಿ ‘ಬಬೆಟ್ಸ್ ಫೀಸ್ಟ್’ ಎಂಬ ಡೆನ್ಮಾರ್ಕಿನ ಚಿತ್ರವನ್ನು ನೆನೆದರು. ಲಾಟರಿಯಲ್ಲಿ ಬಂದ ಹಣವನ್ನೆಲ್ಲ ಒಂದು ರಾತ್ರಿಯ ಊಟಕ್ಕೆ ಸುರಿದು ಇತರರನ್ನು ಸಂತೋಷಪಡಿಸಿದ ಅಡುಗೆಯಾಕೆಯ ಕಥೆ ಅದು. ಜಗದ್ಗುರು 14ನೇ ಲಿಯೋರವರು 2025ರ ನವೆಂಬರಿನಲ್ಲಿ ಚಿತ್ರರಂಗದವರನ್ನು ಬರಮಾಡಿಕೊಂಡ ಸಂದರ್ಭದಲ್ಲಿ ತಮ್ಮ ಮೆಚ್ಚಿನ ನಾಲ್ಕು ಚಿತ್ರಗಳನ್ನು ಹೆಸರಿಸಿದರು. ಪಟ್ಟಿಯಲ್ಲಿರುವ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಅವುಗಳಲ್ಲೊಂದು. ಜಗದ್ಗುರುಗಳೇ ‘ಇದನ್ನು ನೋಡಿ’ ಎನ್ನುತ್ತಿರುವಾಗ ನಾವು ಮಾತ್ರ ‘ಅದನ್ನು ನೋಡಬೇಡಿ’ ಎನ್ನುತ್ತ ಕುಳಿತಿದ್ದೇವೆ.

ಕಾಲವೂ ನಮಗಾಗಿ ಕಾಯುತ್ತಿಲ್ಲ. ಮೊದಲು ಮನೆಗೊಂದು ಪೆಟ್ಟಿಗೆಯಿತ್ತು. ಕೆಟ್ಟದ್ದನ್ನು ನೋಡಿದರೂ ಒಟ್ಟಿಗೆ ನೋಡುತ್ತಿದ್ದರು, ಕನಿಷ್ಠ ಒಬ್ಬರಾದರೂ ‘ಛೆ’ ಎನ್ನುತ್ತಿದ್ದರು. ಇಂದು ಒಂದೇ ಸೂರಿನಡಿ ನಾಲ್ಕು ಮೊಬೈಲುಗಳು, ನಾಲ್ಕು ಕಥೆಗಳು, ಕಿವಿಯಲ್ಲಿ ನಾಲ್ಕು ತಂತಿಗಳು. ಮಗಳು ಏನನ್ನು ನೋಡಿ ಅತ್ತಳೆಂದು ತಾಯಿಗೆ ಗೊತ್ತಿಲ್ಲ. ಈ ಮನೆಯಲ್ಲಿ ‘ಬೇಡ’ ಎಂಬ ಪದ ಯಾರ ಕಿವಿಗೂ ಬೀಳದು. ‘ಬಾ, ಇದನ್ನು ಒಟ್ಟಿಗೆ ನೋಡೋಣ’ ಎಂಬ ಕರೆಗೆ ಮಾತ್ರ ಯಾರಾದರೂ ತಲೆಯೆತ್ತಬಹುದು.

ಆದ್ದರಿಂದ ನನ್ನ ಬೇಡಿಕೆ ಸರಳವಾದುದು. ಪ್ರತಿ ಧರ್ಮಕೇಂದ್ರದಲ್ಲಿ ತಿಂಗಳಿಗೊಂದು ಸಂಜೆ ಒಂದು ಒಳ್ಳೆಯ ಚಿತ್ರ ನಡೆಯಲಿ. ಗುರುಗಳು ಅದನ್ನು ಮೊದಲೇ ನೋಡಿರಲಿ. ಚಿತ್ರ ಮುಗಿದ ಮೇಲೆ ಪ್ರಬೋಧನೆ ಬೇಡ, ಪ್ರಶ್ನೆಯೊಂದಿರಲಿ. ಮನೆಯಲ್ಲಿ ವಾರಕ್ಕೊಂದು ರಾತ್ರಿ ಮೊಬೈಲುಗಳು ಮೇಜಿನ ಮೇಲಿದ್ದು, ಒಂದೇ ಪರದೆ ಬೆಳಗಲಿ. ಯಾವುದು ಒಳ್ಳೆಯದೆಂದು ತಿಳಿಯುವ ಬಗೆ ಹೇಗೆಂದರೆ, ಕೆಟ್ಟದ್ದೇನಿತ್ತೆಂದು ಎಣಿಸುವುದನ್ನು ಬಿಟ್ಟು ಇಷ್ಟನ್ನು ಕೇಳಿಕೊಳ್ಳಿ: ಇದನ್ನು ನೋಡಿದ ಮೇಲೆ ನನ್ನ ನೆರೆಯವನು ನನಗೆ ಹತ್ತಿರವಾದನೇ, ದೂರವಾದನೇ? ನೆರೆಯವನು ಯಾರೆಂಬ ಪ್ರಶ್ನೆಗೆ ಯೇಸುಸ್ವಾಮಿ ವ್ಯಾಖ್ಯೆಯನ್ನು ನೀಡಲಿಲ್ಲ. ಒಂದು ಕಥೆ ಹೇಳಿದರು. ಆ ಕಥೆಯಲ್ಲಿ ಕಂಡೂ ಕಾಣದಂತೆ ಬದಿಯಿಂದ ಹಾದುಹೋದವನು ಒಬ್ಬ ಯಾಜಕನೆಂಬುದನ್ನು ನನ್ನಂತಹವರು ಮರೆಯಬಾರದು.

2006ರಲ್ಲಿ ಲೇಖನಿ ಹಿಂತಿರುಗಿಸಿದ ಆ ಯುವಕನಿಗೆ ಈಗ ನಲವತ್ತರ ಆಸುಪಾಸು. ಅವನ ಮನೆಯಲ್ಲಿಯೂ ಮಕ್ಕಳಿರಬಹುದು, ಅವನೂ ಅವರಿಗೆ ‘ಅದನ್ನು ನೋಡಬೇಡಿ’ ಎನ್ನುತ್ತಿರಬಹುದು. ಈ ಪುಟ ಅವನ ಕೈಸೇರಿದರೆ ನನ್ನ ಉತ್ತರ ಇಲ್ಲಿದೆ, ತಡವಾದುದಕ್ಕೆ ಕ್ಷಮೆಯಿರಲಿ. ಈ ಭಾನುವಾರ ಸಂಜೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಬೈಸಿಕಲ್ ಥೀವ್ಸ್’ ನೋಡು. ಮುಗಿದ ಮೇಲೆ ಕಳ್ಳರು ಯಾರು ಯಾರೆಂದು ಅವರನ್ನು ಕೇಳು. ಅವರ ಉತ್ತರವನ್ನು ತಿದ್ದಲು ಅವಸರಪಡಬೇಡ.